ಮಗಳೊಡನೆ ಅಲಿಬಾಗಿನ ಕಡಲತಡಿಯಲ್ಲಿ ಒಂದು ದಿನ

ಶಿವಾಜಿನಗರದ ಹೋಟೆಲುಗಳಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರು ಉಡುಪಿ, ಕುಂದಾಪುರಗಳ ಕಡೆಯವರು. ಪಡುಗಡಲ ಮೊರೆತವನ್ನು ಕೇಳುತ್ತ ಬೆಳೆದವರು. ಆದರೆ ಅವರ ಮಕ್ಕಳು ಬೆಳೆಯುತ್ತಿರುವುದು ಸಮುದ್ರಮಟ್ಟದಿಂದ ಸುಮಾರು 560 ಮೀಟರು ಎತ್ತರದಲ್ಲಿರುವ ಪುಣೆಯಲ್ಲಿ. ಆ ಮಕ್ಕಳಿಗೆ ಮುಠಾ ನದಿಯೇ ದೊಡ್ಡ ನೀರು.

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಿದ್ದ ಒಬ್ಬಾತನು ಒಂದು ದಿನ ಗಲ್ಲೆಯ ಬಳಿಗೆ ಬಂದು, “ಸಾಹುಕಾರರೇ, ಮಗನಿಗೆ ಸಮುದ್ರ ತೋರಿಸಬೇಕು, ಒಂದು ದಿನದ ರಜೆ ಬೇಕಿತ್ತು” ಎಂದನು. “ಊರಿಗೆ ಹೋದಾಗ ತೋರಿಸಿದರಾಯಿತು, ಭಾನುವಾರದ ಗಿರಾಕಿಗಳನ್ನು ಯಾರು ನೋಡುವುದು?” ಎಂದು ನಾವು ನಕ್ಕೆವು. ಅವನು ಮರುಮಾತಾಡದೆ ಕಾವಲಿಯ ಕಡೆಗೆ ತಿರುಗಿದನು. ಮತ್ತೆಂದೂ ಆ ಮಾತನ್ನು ಎತ್ತಲಿಲ್ಲ.

ಹೋಟೆಲನ್ನು ಬಿಟ್ಟು ಪತ್ರಿಕೆಯ ಕೆಲಸಕ್ಕೆ ಬಂದ ಮೇಲೆ, ಒಂಬತ್ತು ವರ್ಷದ ನಮ್ಮ ಮಗಳೇ “ಅಪ್ಪಾ, ಸಮುದ್ರಕ್ಕೆ ಯಾವಾಗ ಹೋಗೋಣ?” ಎಂದು ಕೇಳಿದಳು. ನಮಗೆ ರಜೆ ಕೊಡಬೇಕಾದವರು ಯಾರೂ ಇರಲಿಲ್ಲ. ಆದರೂ ನಾಲ್ಕು ತಿಂಗಳು ತಡಮಾಡಿದೆವು. ಕಡೆಗೆ ಒಂದು ಚಳಿಗಾಲದ ಮುಂಜಾವಿನಲ್ಲಿ, ತಾಯಿ ಕಟ್ಟಿಕೊಟ್ಟ ಚಿತ್ರಾನ್ನದೊಡನೆ, ಇಬ್ಬರೂ ಎಸ್‌.ಟಿ. ಬಸ್ಸನ್ನು ಹತ್ತಿದೆವು. ಖಂಡಾಳದ ಘಟ್ಟವನ್ನಿಳಿದು, ಖೋಪೋಲಿ, ಪೇಣ್ ಮಾರ್ಗವಾಗಿ ಅಲಿಬಾಗಿಗೆ ಸುಮಾರು 145 ಕಿಲೋಮೀಟರು. ಘಟ್ಟವಿಳಿಯುತ್ತಲೇ ಗಾಳಿಯು ಬೆಚ್ಚಗಾಗಿ, ತೆಂಗಿನ ಮರಗಳು ಕಾಣತೊಡಗಿದಾಗ ನಮಗೆ ಊರಿನ ನೆನಪಾಯಿತು.

ದಡವನ್ನು ತಲಪಿದಾಗ ನೀರು ಬಹುದೂರ ಸರಿದಿತ್ತು. “ಸಮುದ್ರ ಎಲ್ಲಿಗೆ ಹೋಯಿತು?” ಎಂದು ಮಗಳು ಕಂಗಾಲಾದಳು. ಶಾಲೆಯಲ್ಲಿ ಅವಳು ಮರಾಠಿಯ ‘ಭರತೀ-ಓಹೋಟಿ’ಗಳನ್ನು ಕಲಿತಿದ್ದಳು. ಅದನ್ನೇ ನಮ್ಮೂರಲ್ಲಿ ಭರತ-ಇಳಿತ ಎನ್ನುವರೆಂದೂ, ಚಂದ್ರನ ಸೆಳೆತವೇ ಇದಕ್ಕೆ ಮುಖ್ಯ ಕಾರಣವೆಂದೂ, ಭರತವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದೆಂದೂ ತಿಳಿಸಿದೆವು. ಆ ಎರಡು ಮಾತುಗಳನ್ನು ಅವಳು ದಾರಿಯುದ್ದಕ್ಕೂ ಹಾಡಿನಂತೆ ಹೇಳಿಕೊಂಡಳು.

ಇಳಿತದ ಹೊತ್ತಿನಲ್ಲಿ ಇಲ್ಲಿನ ಕೊಲಾಬಾ ಕೋಟೆಗೆ ನಡೆದೇ ಹೋಗಬಹುದು. ಶಿವಾಜಿ ಮಹಾರಾಜರು 1680ರಲ್ಲಿ ಕಟ್ಟಿಸತೊಡಗಿದ ಈ ಜಲದುರ್ಗವು ಮುಂದೆ ಕಾನ್ಹೋಜಿ ಆಂಗ್ರೆಯವರ ನೌಕಾಬಲಕ್ಕೆ ಆಸರೆಯಾಯಿತು. ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು, ಒದ್ದೆ ಮರಳಿನ ಮೇಲೆ ತಂದೆ-ಮಗಳು ನಡೆದೆವು. ಉಪ್ಪುನೀರಿನ ನಡುವೆ ಇರುವ ಆ ಕೋಟೆಯೊಳಗೆ ಸಿಹಿನೀರಿನ ಬಾವಿಯಿರುವುದನ್ನು ಕಂಡು ಅವಳು ಬೆರಗಾದಳು. ಭರತವಾಗುವುದಕ್ಕೆ ಮುಂಚೆ ಹಿಂದಿರುಗಿ, ದಡದಲ್ಲಿ ಚಿತ್ರಾನ್ನವನ್ನು ಉಂಡೆವು. ಮಾಡಬೇಕಾದ ಕೆಲಸವೊಂದೂ ಇರಲಿಲ್ಲ. ಅವಳು ಚಿಪ್ಪುಗಳನ್ನು ಆಯ್ದಳು. ನಾವು ಅವಳನ್ನು ನೋಡುತ್ತ ಕುಳಿತೆವು. ಮಗಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲೆಂದು ಆಗ ಹೊಳೆಯಿತು. ಅದರ ಬೆನ್ನಿಗೇ ಕಾವಲಿಯ ಮುಂದಿನ ಆ ಮನುಷ್ಯನೂ ನೆನಪಿಗೆ ಬಂದನು. ಅವನ ಮಗನೀಗ ಬೆಳೆದು ನೌಕರಿಗೆ ಸೇರಿದ್ದಾನೆ. ಸಮುದ್ರ ನೋಡಲು ತಂದೆಯ ಕೈ ಹಿಡಿಯಬೇಕಾದ ವಯಸ್ಸಲ್ಲ.

ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ವಾರಕ್ಕೊಂದು ದಿನದ ಬಿಡುವನ್ನೂ, ವರ್ಷಕ್ಕೆ 8 ದಿನಗಳ ಸವೇತನ ಆಕಸ್ಮಿಕ ರಜೆಯನ್ನೂ ವಿಧಿಸಿತು. ಚಿಕ್ಕ ಹೋಟೆಲುಗಳಿಗೆ ಅದು ಅನ್ವಯಿಸದಿರಬಹುದು. ಆದರೂ ಮಾಲಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ: ಮಗುವಿನ ಹೆಸರು ಹೇಳಿ ರಜೆ ಕೇಳಿದವನನ್ನು ನಮ್ಮಂತೆ ನಕ್ಕು ಕಳುಹಿಸಬೇಡಿರಿ. ಹೋಟೆಲಿನ ಮಾಣಿಗಳೂ ಕಚೇರಿಯ ಗುಮಾಸ್ತರೂ ಊರಿನ ಪ್ರಯಾಣವನ್ನೇ ಕಾಯುತ್ತ ಕೂರದಿರಲಿ. ಮಳೆಗಾಲವನ್ನು ಬಿಟ್ಟು, ಇಳಿತದ ಹೊತ್ತನ್ನು ಅಲ್ಲಿಯವರಲ್ಲಿ ಕೇಳಿ ತಿಳಿದು, ಒಂದು ದಿನ ಘಟ್ಟವಿಳಿಯಿರಿ. ಕಡಲು ನಾಳೆಯೂ ಅಲ್ಲೇ ಇರುವುದು. ನಮ್ಮ ಕೈ ಹಿಡಿದು ನಡೆಯುವ ವಯಸ್ಸು ಮಕ್ಕಳಿಗೆ ಬಹುಕಾಲ ಇರಲಾರದು.