ಬೈಸಿಕಲ್ ಕೊಟ್ಟರು, ದಾರಿ ಎಲ್ಲಿ?

2006ನೆಯ ಇಸವಿಯಲ್ಲಿ ಎರಡು ಸಂಗತಿಗಳು ನಡೆದವು. ಭಾರತ ಸರಕಾರವು ತನ್ನ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿ, ಬೀದಿಯ ಹಂಚಿಕೆಯು ವಾಹನಗಳನ್ನಲ್ಲ, ಜನರನ್ನು ನೋಡಿ ಆಗತಕ್ಕದ್ದೆಂದು ಸಾರಿತು. 2006-07ರಲ್ಲಿಯೇ ನಮ್ಮ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ನೀತಿಯು ಕಾಗದದಲ್ಲಿ ಉಳಿಯಿತು; ಬೈಸಿಕಲ್ಲು ಮಾತ್ರ ಬೀದಿಗೆ ಬಂದಿತು. 2020ರ ಮಹಾಮಾರಿಯ ಕಾಲಕ್ಕೆ ಆ ವಿತರಣೆಯೂ ನಿಂತಿತು. ವಾಹನವನ್ನು ಕೊಟ್ಟು ದಾರಿಯನ್ನು ಕೊಡದ ದಾನವು ಅರ್ಧ ದಾನವೆಂದು ನಾವು ತಿಳಿಯುತ್ತೇವೆ.

ನಮ್ಮ ಊರುಗಳು ಬೈಸಿಕಲ್ಲಿಗಾಗಿಯೇ ಅಳೆದು ಮಾಡಿದಂತಿವೆ. ರಾಯಚೂರಿನ ಕೋಟೆಯ ಸುತ್ತಣ ಹಳೆಯ ಪೇಟೆ, ತೀನ್ ಕಂದಿಲ್, ರಾಜೇಂದ್ರ ಗಂಜ್, ರೈಲ್ವೆ ಸ್ಟೇಶನ್, ಇವುಗಳಲ್ಲಿ ಯಾವುದರಿಂದ ಯಾವುದಕ್ಕೆ ಹೊರಟರೂ ಅರ್ಧ ತಾಸಿಗಿಂತ ಹೆಚ್ಚು ತುಳಿಯಬೇಕಾಗಿಲ್ಲ. 2011ರ ಜನಗಣತಿಯಲ್ಲಿ ಮಾನ್ವಿಯು ಐವತ್ತು ಸಾವಿರಕ್ಕೂ ದೇವದುರ್ಗವು ಮೂವತ್ತು ಸಾವಿರಕ್ಕೂ ಮುಟ್ಟಿರಲಿಲ್ಲ. ಅಲ್ಲಿ ಕಾಲು ತಾಸು ಸಾಕು. ನೆಲವೂ ಬಹುಮಟ್ಟಿಗೆ ಸಮತಟ್ಟು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿದ ಪಾಲು ಪರದೇಶದಿಂದ ಬರುತ್ತಿರುವಾಗ, ಲುಧಿಯಾನದಲ್ಲಿ ತಯಾರಾಗಿ ನಮ್ಮವರ ಕಾಲ್ಬಲದಿಂದ ಓಡುವ ಬೈಸಿಕಲ್ಲಿಗಿಂತ ಸ್ವದೇಶೀ ವಾಹನವು ಮತ್ತಾವುದು?

ಆದರೂ ಮಾನವಂತ ಗೃಹಸ್ಥನು ತನ್ನ ಮಗಳನ್ನು ಬೈಸಿಕಲ್ಲಿನ ಮೇಲೆ ಶಾಲೆಗೆ ಕಳುಹಿಸಲು ಅಂಜುತ್ತಾನೆ. ಆ ಅಂಜಿಕೆ ನಿರಾಧಾರವಲ್ಲ. ಸುಗ್ಗಿಯಲ್ಲಿ ಭತ್ತದ ಲಾರಿಗಳೂ ಹತ್ತಿಯ ಟ್ರ್ಯಾಕ್ಟರುಗಳೂ ಊರ ನಡುವಿನ ಹೆದ್ದಾರಿಯನ್ನೇ ತುಂಬುತ್ತವೆ. 2024ರ ಸೆಪ್ಟೆಂಬರಿನಲ್ಲಿ ಮಾನ್ವಿ ತಾಲೂಕಿನ ಕಪಗಲ್ಲಿನ ಬಳಿ ಶಾಲೆಯ ಬಸ್ಸಿಗೂ ಸಾರಿಗೆ ಬಸ್ಸಿಗೂ ಘರ್ಷಣೆಯಾಗಿ ಇಬ್ಬರು ವಿದ್ಯಾರ್ಥಿಗಳು ಮಡಿದರು. ಬಸ್ಸಿನೊಳಗಿದ್ದ ಮಕ್ಕಳಿಗೇ ಈ ಗತಿಯಾದರೆ, ಅದೇ ರಸ್ತೆಯ ಅಂಚಿನಲ್ಲಿ ಎರಡು ಗಾಲಿಗಳ ಮೇಲೆ ಸಾಗುವ ಮಗುವಿಗೆ ರಕ್ಷಣೆ ಯಾವುದು?

ಹಣವಿಲ್ಲ, ಸ್ಥಳವಿಲ್ಲ, ಬಿಸಿಲು ಹೆಚ್ಚು: ಈ ಮೂರು ಉತ್ತರಗಳು ಅಧಿಕಾರಿವರ್ಗದಿಂದ ಬರುವವು. ಸ್ಥಳವಿಲ್ಲದ ಹಳೆಯ ಪೇಟೆಯಲ್ಲಿ ಪ್ರತ್ಯೇಕ ಪಥವು ಬೇಕಾಗಿಯೂ ಇಲ್ಲ. ಮೋಟಾರುಗಳ ವೇಗವನ್ನು ತಾಸಿಗೆ 30 ಕಿಲೋಮೀಟರಿಗೆ ಇಳಿಸಿದರೆ ಸಾಕು. ಆ ವೇಗದಲ್ಲಿ ಪೆಟ್ಟು ತಿಂದವನು ಬಹುಶಃ ಬದುಕುವನು. 50ಕ್ಕೆ ಏರಿದರೆ ಸಾವಿನ ಭಯವು ಹಲವು ಪಟ್ಟಾಗುವುದು. ಅಗಲವಾದ ಸ್ಟೇಶನ್ ರಸ್ತೆ, ಲಿಂಗಸುಗೂರು ರಸ್ತೆಗಳಲ್ಲಿ ಎರಡು ಮೀಟರಿನ ಪಟ್ಟಿಯನ್ನು ಕಲ್ಲಂಚಿನಿಂದ ಬೇರ್ಪಡಿಸಬಹುದು. ಕಲ್ಲಂಚು ಇಲ್ಲದೆ ಬಣ್ಣದ ಗೆರೆಯನ್ನಷ್ಟೇ ಎಳೆದರೆ ಅದು ಮೋಟಾರು ನಿಲ್ಲಿಸುವ ತಾಣವಾಗುವುದು. ಬಿಸಿಲಿಗೆ ಬೇವು, ಹೊಂಗೆಗಳೇ ಮದ್ದು. ಹಣದ ಮಾತಿಗೆ, 371(ಜೆ) ವಿಧಿಯ ಬಲದಿಂದ ಹುಟ್ಟಿದ ಅಭಿವೃದ್ಧಿ ಮಂಡಳಿಯ ಅನುದಾನವು ಇರುವುದಾದರೂ ಯಾತಕ್ಕೆ?

ಹಾಲೆಂಡಿನವರು ಬೈಸಿಕಲ್ ಪ್ರಿಯರಾಗಿಯೇ ಹುಟ್ಟಿದರೆಂದು ಹೇಳುವವರುಂಟು. 1971ರಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ತಾಯಿತಂದೆಗಳು ಬೀದಿಗಿಳಿದು ಕೇಳಿದ ಮೇಲೆಯೇ ಅಲ್ಲಿಯ ಸರಕಾರವು ಎಚ್ಚತ್ತಿತು. ನಮ್ಮಲ್ಲಿ ಮೈಸೂರು ನಗರವು 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬೈಸಿಕಲ್ ವ್ಯವಸ್ಥೆಯನ್ನು ಆರಂಭಿಸಿತು. ಮೈಸೂರಿಗೆ ಸಾಧ್ಯವಾದ ಆರಂಭವು ರಾಯಚೂರಿಗೆ ಅಸಾಧ್ಯವೆಂದು ನಾವು ಒಪ್ಪಲಾರೆವು.

ಮೊದಲು ಶಾಲೆಗಳ ಸುತ್ತಣ ಒಂದೊಂದು ಮೈಲಿಯನ್ನು ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ನಿರ್ಭಯವಾಗಿ ಮಾಡಲಿ. ಬೈಸಿಕಲ್ ವಿತರಣೆಯನ್ನೂ ಅದರೊಡನೆ ಸೇರಿಸಲಿ. 1948ರ ಸೆಪ್ಟೆಂಬರ್ 17ರಂದು ಈ ಸೀಮೆಗೆ ಸ್ವಾತಂತ್ರ್ಯ ಬಂದಿತು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಬೀದಿಯಲ್ಲಿ ಮೋಟಾರಿನ ಧಣಿಗಿರುವ ಹಕ್ಕು ಬೈಸಿಕಲ್ಲಿನ ಕೂಲಿಗೂ ವಿದ್ಯಾರ್ಥಿನಿಗೂ ದೊರೆಯುವವರೆಗೆ ಆ ಸ್ವಾತಂತ್ರ್ಯವು ನಮ್ಮ ಹೊಸಲಿಗೆ ಬಂದು ನಿಂತಿದೆಯೇ ಹೊರತು ಬೀದಿಗೆ ಇಳಿದಿಲ್ಲ. ಮಹಾಜನರು ಕೇಳಬೇಕು; ಅಧಿಕಾರಿಗಳು ಕಿವಿಗೊಡಬೇಕು.