ಐದನೆಯ ತರಗತಿ ನಿಜಕ್ಕೂ ಹಿಂದೆ ಬಿದ್ದಿದೆಯೇ?

ಕನ್ನಡ ಮಾಧ್ಯಮದ ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಒಂದೇ ಪಾಠಭಾಗವನ್ನು ಎರಡು ತರಗತಿಗಳ ಮಕ್ಕಳಿಂದ ಓದಿಸಲಾಯಿತು. ನಾಲ್ಕನೆಯ ತರಗತಿಯ 15 ಮಕ್ಕಳಲ್ಲಿ 9 ಮಂದಿ, ಅಂದರೆ ಶೇ. 60, ತಡವರಿಸದೆ ಓದಿದರು. ಐದನೆಯ ತರಗತಿಯ 25 ಮಕ್ಕಳಲ್ಲಿ ಹಾಗೆ ಓದಿದವರು 13 ಮಂದಿ, ಶೇ. 52. ಪೋಷಕರ ಸಭೆಯಲ್ಲಿ ಈ ಅಂಕಿಗಳನ್ನು ಕಂಡವರು ಐದನೆಯ ತರಗತಿಯ ಕಲಿಕೆ ಕುಸಿದಿದೆಯೆಂದು ಭಾವಿಸುವುದು ಸಹಜ. ಆದರೆ ಮಕ್ಕಳ ಸಂಖ್ಯೆಯೇ ಕಡಿಮೆಯಿರುವಲ್ಲಿ ಅಂಥ ಆತುರ ಸಲ್ಲದು. ನಾಲ್ಕನೆಯ ತರಗತಿಯ ಇನ್ನಿಬ್ಬರು ಅಂದು ತಡವರಿಸಿದ್ದರೆ ಶೇ. 60 ಎಂಬುದು ಶೇ. 47ಕ್ಕೆ ಇಳಿಯುತ್ತಿತ್ತು.

ಈ ಅನಿಶ್ಚಯವನ್ನು ಅಳೆದು ಹೇಳುವ ಸಾಧನವೇ ವಿಶ್ವಾಸಾಂತರ. ಶೇ. 95ರ ವಿಶ್ವಾಸಾಂತರವೆಂದರೆ, ಇಂಥ ಪರೀಕ್ಷೆಯನ್ನು ಮತ್ತೆ ಮತ್ತೆ ನಡೆಸಿ ಪ್ರತಿ ಬಾರಿಯೂ ಒಂದು ಅಂತರವನ್ನು ಕಟ್ಟಿದರೆ ನೂರರಲ್ಲಿ ಸುಮಾರು 95 ಅಂತರಗಳು ನಿಜವಾದ ಮಟ್ಟವನ್ನು ಒಳಗೊಳ್ಳುತ್ತವೆ. ನಮ್ಮ ಉದಾಹರಣೆಯಲ್ಲಿ ಅವು ಸ್ಥೂಲವಾಗಿ ಹೀಗಿವೆ: ನಾಲ್ಕನೆಯ ತರಗತಿಗೆ 35ರಿಂದ 85, ಐದನೆಯದಕ್ಕೆ 32ರಿಂದ 72. ಇವು ಒಂದರ ಮೇಲೊಂದು ಹಾಸಿಕೊಂಡಿರುವುದರಿಂದ ಕುಸಿತವು ಸಾಬೀತಾಗಿಲ್ಲ.

ಇಲ್ಲಿ ನಮಗೆ ಇನ್ನೊಂದು ತಿಳಿವಳಿಕೆಯೂ ಇದೆ: ತರಗತಿ ಏರಿದಂತೆ ಓದುವ ಶಕ್ತಿ ಏರಬೇಕು, ಇಳಿಯಬಾರದು. ಸಂಖ್ಯಾಶಾಸ್ತ್ರಜ್ಞರು ಇದನ್ನು ಏಕದಿಶಾ ನಿರ್ಬಂಧವೆಂದು ಪರಿಗಣಿಸಬಹುದು. ಅಂಕಿಗಳು ಈ ಕ್ರಮವನ್ನು ಮೀರಿದಾಗ ನೆರೆಯ ಗುಂಪುಗಳನ್ನು ಕೂಡಿಸುವ ವಿಧಾನವನ್ನು ಅಮೆರಿಕದ ಐವರು 1955ರಲ್ಲಿ ಪ್ರಕಟಿಸಿದರು. ಅದರಂತೆ 40 ಮಕ್ಕಳಲ್ಲಿ 22 ಮಂದಿ. ಎರಡೂ ತರಗತಿಗಳಿಗೆ ಶೇ. 55.

ಹಾಗೆಂದು 40 ಮಕ್ಕಳ ಒಂದೇ ಗುಂಪೆಂಬಂತೆ 40ರಿಂದ 70ರ ಕಿರಿದಾದ ಅಂತರವನ್ನು ಬರೆದುಬಿಡುವುದು ಸರಿಯಲ್ಲ. ಕೂಡಿಸಬೇಕೆಂಬ ನಿರ್ಧಾರವನ್ನೇ ಅಂಕಿಗಳನ್ನು ನೋಡಿದ ಮೇಲೆ ಮಾಡಿದ್ದೇವೆ. ಇದಕ್ಕಿಂತ ಪ್ರಾಮಾಣಿಕವಾದ ದಾರಿಯೊಂದಿದೆ. ಐದನೆಯ ತರಗತಿಯ ಮೇಲಿನ ಎಲ್ಲೆ 72 ಆದರೆ ನಾಲ್ಕನೆಯದು ಅದನ್ನು ದಾಟಲಾರದು. ನಾಲ್ಕನೆಯದರ ಕೆಳಗಿನ ಎಲ್ಲೆ 35 ಆದರೆ ಐದನೆಯದು ಅದಕ್ಕಿಂತ ಕೆಳಗಿರಲಾರದು. ಎರಡೂ ಅಂತರಗಳು 35ರಿಂದ 72ಕ್ಕೆ ನಿಲ್ಲುತ್ತವೆ. ಎರಡೂ ಏಕಕಾಲಕ್ಕೆ ಸರಿಯಿರುವ ಭರವಸೆ ಮಾತ್ರ ಶೇ. 90ರ ಆಸುಪಾಸಿನದು.

ತರಗತಿಗಳ ಬದಲು ವಯಸ್ಸಿನೊಡನೆ ಸತತವಾಗಿ ಏರುವ ರೇಖೆಯನ್ನು ಅಂದಾಜಿಸುವಾಗ ಲೆಕ್ಕ ಇನ್ನೂ ಕಠಿಣ. ಈ ಬಗೆಯ ಅಂದಾಜುಗಳ ನಡತೆಯನ್ನು ಮೊದಲು ಗಣಿತದಿಂದ ಬಿಡಿಸಿದವರಲ್ಲಿ ನಮ್ಮ ದೇಶದ ಬಿ.ಎಲ್.ಎಸ್. ಪ್ರಕಾಶ ರಾವ್ ಒಬ್ಬರು. ಅವರ ಲೇಖನ 1969ರಲ್ಲಿ ‘ಸಂಖ್ಯಾ’ ಪತ್ರಿಕೆಯಲ್ಲಿ ಬಂದಿತು. ಸಾಮಾನ್ಯ ಸರಾಸರಿಯ ಅನಿಶ್ಚಯವನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಮಾಹಿತಿ ಸಾಕು. ಇಲ್ಲಿ ಎಂಟು ಪಟ್ಟು ಬೇಕು.

ಇಷ್ಟಾದರೂ ನನ್ನ ಆತಂಕ ಗಣಿತದ್ದಲ್ಲ. ಐದನೆಯ ತರಗತಿಯ ಮಕ್ಕಳು ಕನ್ನಡ ಬಲ್ಲ ಶಿಕ್ಷಕರಿಲ್ಲದೆ ಒಂದು ವರ್ಷ ಕಳೆದಿದ್ದರೆ? ಆಗ ಇಳಿಕೆ ಆಕಸ್ಮಿಕವಲ್ಲ, ನಿಜ. ಏರಿಕೆಯ ನಿರ್ಬಂಧವು ಆ ನಷ್ಟವನ್ನೇ ಶೇ. 55ರ ಹಿಂದೆ ಮರೆಮಾಡುತ್ತದೆ. ಆದುದರಿಂದ ಕೂಡಿಸಿದ ಅಂಕಿಯನ್ನು ತೋರಿಸುವವರು 9 ಮತ್ತು 13 ಎಂಬ ಮೂಲ ಎಣಿಕೆಗಳನ್ನೂ ಪಕ್ಕದಲ್ಲೇ ಇಡುವಂತೆ ಪೋಷಕರು ಕೇಳಬೇಕು. ಮುಂದಿನ ವರ್ಷ ಇದೇ ಮಕ್ಕಳಿಂದ ಅದೇ ಮಟ್ಟದ ಪಾಠವನ್ನು ಓದಿಸಿದರೆ, ಏರಿಕೆಯ ನಂಬಿಕೆಗೆ ಈಗಿನದಕ್ಕಿಂತ ಗಟ್ಟಿಯಾದ ಆಧಾರ ದೊರೆಯುತ್ತದೆ.