ಸತ್ಯದಿಂದ ಪಡೆದು ಕಾಯಕದಿಂದ ಉಳಿಸಿಕೊಳ್ಳುವ ನೆರವು: ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಹಾಯಧನ

ವಿದ್ಯೆಗಾಗಿ ನೆರವು ನೀಡುವುದಾಗಲಿ ಪಡೆಯುವುದಾಗಲಿ ನಮ್ಮ ಸಮಾಜಕ್ಕೆ ಹೊಸತಲ್ಲ. ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ತುಮಕೂರಿನ ಸಿದ್ಧಗಂಗಾ ಮಠವೂ ನಾಡಿನ ಇತರ ಮಠಗಳೂ ನಡೆಸಿಕೊಂಡು ಬಂದ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಇಂದು ಜಗತ್ತಿನ ಮೂಲೆಮೂಲೆಗಳಲ್ಲಿದ್ದಾರೆ. ಆ ಪ್ರಸಾದವನ್ನು ಅವರಾರೂ ಭಿಕ್ಷೆಯೆಂದು ಭಾವಿಸಲಿಲ್ಲ. ಓದುವುದು ತಮ್ಮ ಕಾಯಕ, ಆ ಕಾಯಕಕ್ಕೆ ಸಮಾಜವು ಆಸರೆಯಾಗಿ ನಿಂತಿದೆ ಎಂದು ತಿಳಿದು ಸ್ವೀಕರಿಸಿದರು.

ಅದೇ ಸಮಾಜದ ಅನೇಕ ಕುಟುಂಬಗಳು ಈಗ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿವೆ. ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಕಾಲೇಜಿನ ವೆಚ್ಚದ ಚಿಂತೆ ಮನೆಯನ್ನು ಆವರಿಸುತ್ತದೆ. ಆದರೂ ಕೆಲವರು ಸಹಾಯಧನಕ್ಕೆ ಅರ್ಜಿಯನ್ನೇ ಸಲ್ಲಿಸುವುದಿಲ್ಲ. "ನಮ್ಮಂಥವರಿಗೆ ಎಲ್ಲಿ ಸಿಗುತ್ತದೆ" ಎಂಬ ಊಹೆ ಕೆಲವರದು; "ಸರ್ಕಾರದ ಮುಂದೆ ಕೈಯೊಡ್ಡುವುದೇಕೆ" ಎಂಬ ಸಂಕೋಚ ಇನ್ನು ಕೆಲವರದು. ಇವೆರಡರಿಂದಲೂ ನಷ್ಟಕ್ಕೆ ಒಳಗಾಗುವವರು ಮಕ್ಕಳು. ಆದಕಾರಣ ಈ ನೆರವಿನ ಸ್ವರೂಪವನ್ನೂ ಅದನ್ನು ಪಡೆಯುವ ಕ್ರಮವನ್ನೂ ಸದ್ಭಕ್ತರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಕಮ್ಯುನಿಟಿ ಕಾಲೇಜು ಎಂದರೇನು?

ಇಲ್ಲಿ 'ಕಮ್ಯುನಿಟಿ' ಎಂದರೆ ಜಾತಿ ಸಮುದಾಯವಲ್ಲ. ಆಯಾ ಊರು, ಆಯಾ ಪ್ರದೇಶದ ಜನಸಮುದಾಯ. ಸ್ಥಳೀಯರಿಗಾಗಿ ಕಡಿಮೆ ಶುಲ್ಕದಲ್ಲಿ ನಡೆಯುವ, ಬಹುಮಟ್ಟಿಗೆ ಎರಡು ವರ್ಷಗಳ ಶಿಕ್ಷಣ ನೀಡುವ ಸಾರ್ವಜನಿಕ ಕಾಲೇಜುಗಳಿವು. ಇಲಿನಾಯ್ ರಾಜ್ಯದ ಜೋಲಿಯೆಟ್ ನಗರದಲ್ಲಿ 1901ರಲ್ಲಿ ಆರಂಭವಾದ ಕಾಲೇಜನ್ನು ಈ ಪರಂಪರೆಯ ಮೊದಲನೆಯದೆಂದು ಗುರುತಿಸುತ್ತಾರೆ. ಇಲ್ಲಿ ಎರಡು ವರ್ಷ ಓದಿ 'ಅಸೋಸಿಯೇಟ್' ಪದವಿ ಪಡೆದವರು ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೊಂಡು ಉಳಿದ ಎರಡು ವರ್ಷ ಓದಿ ಸ್ನಾತಕ ಪದವಿ ಪೂರೈಸಬಹುದು. ಶುಶ್ರೂಷೆ, ಲೆಕ್ಕಪತ್ರ, ಯಂತ್ರ ದುರಸ್ತಿ ಮುಂತಾದ ವೃತ್ತಿ ಶಿಕ್ಷಣ ಪಡೆದು ನೇರವಾಗಿ ಉದ್ಯೋಗಕ್ಕೂ ಸೇರಬಹುದು.

ಶುಲ್ಕ ಎಷ್ಟೆಂಬುದಕ್ಕೆ ಕ್ಯಾಲಿಫೋರ್ನಿಯಾದ ಉದಾಹರಣೆ ಸಾಕು. ಆ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. ಒಂದು ಸೆಮಿಸ್ಟರಿಗೆ 12 ಯೂನಿಟ್ ಓದುವವರಿಗೆ 552 ಡಾಲರ್. ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗೆ 'ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್' ಮೂಲಕ ಈ ಶುಲ್ಕವೂ ಮನ್ನಾ ಆಗುತ್ತದೆ. ಹಾಗಾದರೆ ಬೇರೆ ನೆರವು ಏಕೆ ಬೇಕು? ಓದುವ ಮಗುವಿಗೆ ಮನೆ ಬಾಡಿಗೆ, ಊಟ, ಪುಸ್ತಕ, ಪ್ರಯಾಣದ ಖರ್ಚು ಶುಲ್ಕಕ್ಕಿಂತ ಹಲವು ಪಟ್ಟು ಹೆಚ್ಚು. ಇದನ್ನು ತುಂಬಲು ಹಗಲಿರುಳು ದುಡಿಯಬೇಕಾದಾಗ ಓದು ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಹಿರಿಯರು ಶಾಲೆಯ ಪಕ್ಕದಲ್ಲಿಯೇ ಪ್ರಸಾದ ನಿಲಯವನ್ನೂ ಕಟ್ಟಿಸಿದ್ದರ ಹಿಂದಿನ ವಿವೇಕ ಇದೇ ಆಗಿತ್ತು.

ಯಾವ ನೆರವು, ಯಾರಿಗೆ?

ಇವುಗಳಲ್ಲಿ ಮುಖ್ಯವಾದುದು ಫೆಡರಲ್ ಸರ್ಕಾರದ ಪೆಲ್ ಗ್ರಾಂಟ್. 1972ರ ಕಾಯಿದೆಯಿಂದ ಆರಂಭವಾದ ಈ ಅನುದಾನಕ್ಕೆ 1980ರಲ್ಲಿ ಸೆನೆಟರ್ ಕ್ಲೈಬೋರ್ನ್ ಪೆಲ್ ಅವರ ಹೆಸರಿಡಲಾಯಿತು. ಇದು ಸಾಲವಲ್ಲ; ನಿಯಮದಂತೆ ಓದಿದವರು ಹಿಂದಿರುಗಿಸಬೇಕಾಗಿಲ್ಲ. 2025–26ನೆಯ ಸಾಲಿನಲ್ಲಿ ಇದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್. ಇದಲ್ಲದೆ ರಾಜ್ಯ ಸರ್ಕಾರಗಳ ಅನುದಾನ, ಕಾಲೇಜಿನಲ್ಲಿಯೇ ದುಡಿದು ಸಂಬಳ ಪಡೆಯುವ 'ವರ್ಕ್ ಸ್ಟಡಿ', ಕಾಲೇಜುಗಳ ಸ್ವಂತ ನಿಧಿಯ ವಿದ್ಯಾರ್ಥಿವೇತನ, ಕೊನೆಯಲ್ಲಿ ಸಾಲ, ಹೀಗೆ ನೆರವು ಹಲವು ಬಗೆ.

ಅರ್ಹತೆಯ ವಿಷಯದಲ್ಲಿ ನಮ್ಮವರಲ್ಲಿ ಗೊಂದಲ ಹೆಚ್ಚು. ಫೆಡರಲ್ ನೆರವು ಅಮೆರಿಕದ ಪ್ರಜೆಗಳಿಗೂ ಗ್ರೀನ್ ಕಾರ್ಡ್ ಹೊಂದಿದವರಿಗೂ ಕಾನೂನು ಹೇಳುವ ಇನ್ನು ಕೆಲವು ವರ್ಗದವರಿಗೂ ಮಾತ್ರ. ಭಾರತದಿಂದ ಎಫ್-1 ವೀಸಾದಲ್ಲಿ ಓದಲು ಹೋದವರಿಗೆ, ತಂದೆತಾಯಿಯ ಜೊತೆ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಇದು ದೊರೆಯದು. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳಲ್ಲಿ ಇದು ನೋವಿನ ಸಂಗತಿ. 21 ವರ್ಷ ತುಂಬಿದೊಡನೆ ಎಚ್-4 ಸ್ಥಾನವೂ ಆ ಮಕ್ಕಳಿಗೆ ಉಳಿಯುವುದಿಲ್ಲ. ಅಂಥವರು ಪೌರತ್ವವನ್ನು ಕೇಳದ ಕಾಲೇಜು ನಿಧಿಗಳ ವಿದ್ಯಾರ್ಥಿವೇತನ ಇದೆಯೇ ಎಂಬುದನ್ನೂ, ಆ ರಾಜ್ಯದ ನಿವಾಸಿ ಶುಲ್ಕ ತಮಗೆ ಅನ್ವಯಿಸುವುದೇ ಎಂಬುದನ್ನೂ ಕಾಲೇಜಿನಲ್ಲಿ ವಿಚಾರಿಸಬೇಕು.

ಇದಕ್ಕೆ ವಿರುದ್ಧವಾದ ತಪ್ಪು ತಿಳಿವಳಿಕೆಯೂ ಉಂಟು. ಅಮೆರಿಕದಲ್ಲಿ ಹುಟ್ಟಿದ ಮಗು ಅಲ್ಲಿನ ಪ್ರಜೆ. ತಂದೆತಾಯಿ ಎಚ್-1ಬಿ ವೀಸಾದಲ್ಲಿದ್ದರೂ ಆ ಮಗುವಿನ ಅರ್ಹತೆಗೆ ಅದರಿಂದ ಕುಂದಿಲ್ಲ. ನೋಡುವುದು ವಿದ್ಯಾರ್ಥಿಯ ಪೌರತ್ವವನ್ನೇ ಹೊರತು ಹೆತ್ತವರದನ್ನಲ್ಲ. ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯಿಲ್ಲದ ತಂದೆ ಅಥವಾ ತಾಯಿಯೂ ಅರ್ಜಿಗೆ ಬೇಕಾದ ಖಾತೆಯನ್ನು ತೆರೆಯಬಹುದು.

ಇನ್ನೊಂದು ವಿಷಯವನ್ನು ನಮ್ಮ ಸಹೋದರಿಯರು ಗಮನಿಸಬೇಕು. ಕರ್ನಾಟಕದಲ್ಲಿ ಬಿ.ಎ., ಬಿ.ಕಾಂ., ಬಿ.ಇ. ಮುಗಿಸಿ, ಗ್ರೀನ್ ಕಾರ್ಡ್ ಪಡೆದು, ಅಲ್ಲಿ ಹೊಸದಾಗಿ ನರ್ಸಿಂಗ್ ಓದಬಯಸುವವರು ಹಲವರಿದ್ದಾರೆ. ಪೆಲ್ ಗ್ರಾಂಟ್ ಮೊದಲ ಸ್ನಾತಕ ಪದವಿ ಇನ್ನೂ ಪಡೆಯದವರಿಗೆ ಮೀಸಲು. ಹೊರದೇಶದ ಸ್ನಾತಕ ಪದವಿಯೂ ಪದವಿಯೆಂದೇ ಪರಿಗಣಿತವಾಗುತ್ತದೆ. ಇಂಥವರು ಫೆಡರಲ್ ಸಾಲ, ರಾಜ್ಯದ ಶುಲ್ಕ ವಿನಾಯಿತಿ, ಕಾಲೇಜಿನ ನಿಧಿ ಇವುಗಳನ್ನು ವಿಚಾರಿಸುವುದು ಸೂಕ್ತ.

ಅರ್ಜಿಗೆ ಸತ್ಯವೇ ಆಧಾರ

ಎಲ್ಲ ಫೆಡರಲ್ ನೆರವಿಗೂ ಒಂದೇ ಅರ್ಜಿ. ಅದನ್ನು 'ಫಾಫ್ಸಾ' ಎನ್ನುತ್ತಾರೆ. ಇದು ಸಂಪೂರ್ಣ ಉಚಿತ. ತುಂಬಿಕೊಡುತ್ತೇವೆಂದು ಹಣ ಕೇಳುವವರಿಂದ ದೂರವಿರಬೇಕು. ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರ್ ತಿಂಗಳಿನಿಂದ ಅರ್ಜಿ ಸ್ವೀಕಾರ ಆರಂಭವಾಗುತ್ತದೆ. ಫೆಡರಲ್ ಸರ್ಕಾರದ ಅಂತಿಮ ದಿನಾಂಕ ಬಹಳ ತಡವಾಗಿದ್ದರೂ ರಾಜ್ಯ ಮತ್ತು ಕಾಲೇಜುಗಳ ದಿನಾಂಕಗಳು ಮೊದಲೇ ಮುಗಿಯುತ್ತವೆ. ಕೆಲವು ನಿಧಿಗಳು ಮೊದಲು ಬಂದವರಿಗೇ ತೀರಿಹೋಗುತ್ತವೆ. ಆದ್ದರಿಂದ ವಿಳಂಬ ಸಲ್ಲದು.

ವಿದ್ಯಾರ್ಥಿಯೂ ಹೆತ್ತವರೂ ಪ್ರತ್ಯೇಕ ಖಾತೆ ತೆರೆಯಬೇಕು. ತಂದೆತಾಯಿ ತೆರಿಗೆ ವಿವರವನ್ನು ಜಂಟಿಯಾಗಿ ಸಲ್ಲಿಸಿದ್ದರೆ ಇಬ್ಬರಲ್ಲಿ ಒಬ್ಬರ ಖಾತೆ ಸಾಕು. ತೆರಿಗೆ ಇಲಾಖೆಯಿಂದ ಆದಾಯದ ವಿವರವನ್ನು ನೇರವಾಗಿ ಪಡೆಯಲು ಇವರೆಲ್ಲರೂ ಒಪ್ಪಿಗೆ ನೀಡಬೇಕು. ಒಪ್ಪಿಗೆ ನಿರಾಕರಿಸಿದರೆ ಫೆಡರಲ್ ನೆರವೇ ಇಲ್ಲ. ಈ ವಿವರಗಳಿಂದ 'ಸ್ಟೂಡೆಂಟ್ ಏಡ್ ಇಂಡೆಕ್ಸ್' ಎಂಬ ಒಂದು ಸಂಖ್ಯೆಯನ್ನು ಲೆಕ್ಕ ಹಾಕುತ್ತಾರೆ. ಅದು ಕಡಿಮೆಯಾದಷ್ಟೂ ನೆರವಿನ ಅಗತ್ಯ ಹೆಚ್ಚೆಂದು ಅರ್ಥ.

ಇಲ್ಲಿ ಸತ್ಯನಿಷ್ಠೆಯ ಪರೀಕ್ಷೆಯಿದೆ. ಆಸ್ತಿಯ ವಿವರ ಕೇಳಿದಾಗ ತಾವು ವಾಸಿಸುವ ಮನೆಯನ್ನು ಹೇಳಬೇಕಾಗಿಲ್ಲ. ಬೇರೆ ಸ್ಥಿರಾಸ್ತಿ, ಹೂಡಿಕೆಗಳನ್ನು ಹೇಳಬೇಕು. ಹುಬ್ಬಳ್ಳಿಯಲ್ಲಿ ಕೊಂಡ ನಿವೇಶನ, ದಾವಣಗೆರೆಯಲ್ಲಿ ಬಾಡಿಗೆಗೆ ಕೊಟ್ಟ ಮನೆ ತಮ್ಮ ಹೆಸರಿನಲ್ಲಿದ್ದರೆ ಅವೂ ಡಾಲರ್ ಲೆಕ್ಕದಲ್ಲಿ ಇದರೊಳಗೆ ಬರುತ್ತವೆ. ಭಾರತದಲ್ಲಿ ಗಳಿಸಿದ ಆದಾಯವೂ ಹಾಗೆಯೇ. "ಅದು ಯಾರಿಗೆ ಗೊತ್ತಾಗುತ್ತದೆ" ಎಂದು ಮುಚ್ಚಿಡುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಶರಣರ ದೃಷ್ಟಿಯಲ್ಲಿ ನಿಜವಾಗಿ ಬಡವನಾದ ಇನ್ನೊಬ್ಬ ವಿದ್ಯಾರ್ಥಿಯ ತಟ್ಟೆಗೆ ಕೈಹಾಕಿದಂತೆ.

ಸತ್ಯ ಹೇಳುವುದರಿಂದ ಲಾಭವಾಗುವ ಸಂದರ್ಭವೂ ಇದೆ. ಅರ್ಜಿಯಲ್ಲಿ ನೋಡುವುದು ಎರಡು ವರ್ಷ ಹಿಂದಿನ ಆದಾಯವನ್ನು. 2026–27ನೆಯ ಸಾಲಿಗೆ 2024ರ ಆದಾಯ. ಈ ನಡುವೆ ತಂದೆಯ ಉದ್ಯೋಗ ಹೋಗಿದ್ದರೆ, ಮನೆಯಲ್ಲಿ ಮರಣ ಅಥವಾ ದೊಡ್ಡ ಅನಾರೋಗ್ಯ ಸಂಭವಿಸಿದ್ದರೆ ಹಳೆಯ ಅಂಕಿಗಳು ಇಂದಿನ ಸ್ಥಿತಿಯನ್ನು ತೋರಿಸವು. ಆಗ ಕಾಲೇಜಿನ ಸಹಾಯಧನ ಕಚೇರಿಗೆ ದಾಖಲೆಗಳ ಸಮೇತ ಪತ್ರ ಬರೆದು ಮರುಪರಿಶೀಲನೆ ಕೋರಬಹುದು. ಕಚೇರಿಯ ಅಧಿಕಾರಿಗೆ ಲೆಕ್ಕವನ್ನು ಬದಲಿಸುವ ಅಧಿಕಾರವಿದೆ. ಉದ್ಯೋಗ ಹೋದದ್ದನ್ನು ಅವಮಾನವೆಂದು ಮುಚ್ಚಿಡುವ ಹಿರಿಯರು ಮಕ್ಕಳ ಹಿತಕ್ಕಾಗಿ ಆ ಸಂಕೋಚವನ್ನು ಬಿಡಬೇಕು.

ಹಣ ಕೈಸೇರುವ ಬಗೆ

ಅರ್ಜಿಯ ನಂತರ ಕಾಲೇಜು ಕೆಲವರಿಂದ ಹೆಚ್ಚಿನ ದಾಖಲೆ ಕೇಳುತ್ತದೆ. ಅದಕ್ಕೆ ಉತ್ತರಿಸದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಹೀಗಾಗಿ ಕಾಲೇಜಿನ ಇಮೇಲ್ ಅನ್ನು ತಪ್ಪದೆ ನೋಡುತ್ತಿರಬೇಕು. ಮಂಜೂರಾದ ಹಣ ಮೊದಲು ಕಾಲೇಜಿನ ಶುಲ್ಕಕ್ಕೆ ಸಂದಾಯವಾಗುತ್ತದೆ. ಉಳಿದದ್ದು ವಿದ್ಯಾರ್ಥಿಗೆ ಬರುತ್ತದೆ. ಎಷ್ಟು ಓದುತ್ತಾರೋ ಅಷ್ಟು ಅನುದಾನ ಎಂಬುದು ನಿಯಮ. 12 ಯೂನಿಟ್‌ಗೆ ಪೂರ್ಣ, 9ಕ್ಕೆ ಮುಕ್ಕಾಲು, 6ಕ್ಕೆ ಅರ್ಧ. ಸೆಮಿಸ್ಟರಿನ ಆರಂಭದಲ್ಲಿ ಒಟ್ಟಾಗಿ ಬಂದ ಹಣವನ್ನು ತಿಂಗಳುಗಳಿಗೆ ಹಂಚಿಟ್ಟು ಖರ್ಚು ಮಾಡುವ ಮಿತವ್ಯಯವನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸಬೇಕು.

ಉಳಿಸಿಕೊಳ್ಳಲು ಓದೆಂಬ ಕಾಯಕ

ನೆರವು ಒಮ್ಮೆ ಬಂದರೆ ಸಾಲದು. ಪ್ರತಿ ವರ್ಷ ಹೊಸ ಅರ್ಜಿ ಸಲ್ಲಿಸಬೇಕು ಮತ್ತು ಓದಿನಲ್ಲಿ ಪ್ರಗತಿ ತೋರಿಸಬೇಕು. ಹೆಚ್ಚಿನ ಕಾಲೇಜುಗಳಲ್ಲಿ ಸರಾಸರಿ ಗ್ರೇಡ್ 2.0ಕ್ಕಿಂತ ಕೆಳಗಿಳಿಯಬಾರದು, ದಾಖಲಾದ ಯೂನಿಟ್‌ಗಳಲ್ಲಿ ಸುಮಾರು 67 ಶೇಕಡಾ ತೇರ್ಗಡೆಯಾಗಬೇಕು. 60 ಯೂನಿಟ್‌ಗಳ ಪದವಿಯನ್ನು 90 ಯೂನಿಟ್‌ಗಳೊಳಗೆ ಮುಗಿಸಬೇಕು. ಸೆಮಿಸ್ಟರಿನ 60 ಶೇಕಡಾ ಅವಧಿ ಕಳೆಯುವ ಮೊದಲೇ ಎಲ್ಲ ತರಗತಿಗಳನ್ನೂ ಬಿಟ್ಟರೆ ಪಡೆದ ಹಣದ ಒಂದು ಭಾಗವನ್ನು ಹಿಂದಿರುಗಿಸಬೇಕಾಗಬಹುದು. ಇದನ್ನರಿಯದೆ ಕಾಲೇಜು ಬಿಟ್ಟು ಋಣಿಯಾಗುವ ಮಕ್ಕಳುಂಟು. ತರಗತಿ ಬಿಡುವ ಯೋಚನೆ ಬಂದಾಗ ಮೊದಲು ಸಹಾಯಧನ ಕಚೇರಿಗೆ ಹೋಗಿ ಕೇಳಬೇಕು. ಅನಾರೋಗ್ಯದಂಥ ಕಾರಣದಿಂದ ಪ್ರಗತಿ ಕುಂಠಿತವಾಗಿದ್ದರೆ ಮೇಲ್ಮನವಿಗೆ ಅವಕಾಶವಿದೆ.

ಸಾಲವನ್ನು ಕೊನೆಯ ಆಸರೆಯಾಗಿ ಇಟ್ಟುಕೊಳ್ಳುವುದು ಲೇಸು. ಅನುದಾನ, ಶುಲ್ಕ ವಿನಾಯಿತಿ, ವರ್ಕ್ ಸ್ಟಡಿ ಇವೆಲ್ಲ ಮುಗಿದ ಬಳಿಕವೂ ಅಗತ್ಯವಿದ್ದರೆ, ಓದುವಾಗ ಸರ್ಕಾರವೇ ಬಡ್ಡಿ ಭರಿಸುವ 'ಸಬ್ಸಿಡೈಸ್ಡ್' ಸಾಲವನ್ನು ಮೊದಲು ಆರಿಸಿಕೊಳ್ಳಬೇಕು. ಮಂಜೂರಾದಷ್ಟನ್ನೂ ಪಡೆಯಲೇಬೇಕೆಂಬ ನಿಯಮವಿಲ್ಲ. ಬೇಕಾದಷ್ಟನ್ನು ಮಾತ್ರ ಒಪ್ಪಿಕೊಳ್ಳಬಹುದು.

ಪಡೆದವರ ಹೊಣೆ

ಬಸವಾದಿ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಹೇಳಿದರು. ಸಮಾಜದಿಂದ ಪಡೆದದ್ದು ಸಮಾಜಕ್ಕೆ ಮರಳಬೇಕೆಂಬುದು ಅದರ ತಿರುಳು. ಪೆಲ್ ಗ್ರಾಂಟ್ ಪಡೆದವರಿಂದ ಸರ್ಕಾರ ಹಣವನ್ನು ಮರಳಿ ಕೇಳುವುದಿಲ್ಲ. ಆದರೆ ಪ್ರಸಾದ ಉಂಡವರ ಮಕ್ಕಳಿಗೆ ಆ ಋಣದ ಅರಿವು ಇರಬೇಕು. ಮೊದಲು ಅರ್ಜಿ ತುಂಬಿ ಅನುಭವವುಳ್ಳವರು ಒಂದು ಭಾನುವಾರದ ಪ್ರಾರ್ಥನೆಯ ನಂತರ ಎರಡು ತಾಸು ಕುಳಿತು ಮತ್ತೊಂದು ಮನೆಯ ಮಗುವಿಗೆ ಈ ಅರ್ಜಿಯನ್ನು ಓದಿ ಹೇಳಿದರೆ ಅದೂ ದಾಸೋಹವೇ. ಉತ್ತರ ಅಮೆರಿಕದಲ್ಲಿರುವ ನಮ್ಮ ಸಮಾಜದ ಬಳಗಗಳು ಪ್ರತಿ ಶರತ್ಕಾಲದಲ್ಲಿ ಇಂಥ ಸಭೆ ನಡೆಸಿದರೆ ಹಣದ ಭಯದಿಂದ ಓದು ಬಿಡುವ ಮಕ್ಕಳ ಸಂಖ್ಯೆ ಕಡಿಮೆಯಾದೀತು.

ಈ ವರ್ಷ ಹೈಸ್ಕೂಲು ಮುಗಿಸುವ ಮಕ್ಕಳಿರುವ ಸದ್ಭಕ್ತರು ತಡಮಾಡದೆ ಅರ್ಜಿ ಸಲ್ಲಿಸಲಿ. ಕರ್ನಾಟಕದಲ್ಲಿರುವ ಅಜ್ಜ ಅಜ್ಜಿಯರು ಫೋನಿನಲ್ಲಿ ಮೊಮ್ಮಕ್ಕಳ ಕ್ಷೇಮ ಕೇಳುವಾಗ "ಫಾಫ್ಸಾ ಅರ್ಜಿ ಹಾಕಿದೆಯಾ ಮಗಾ?" ಎಂದು ಒಮ್ಮೆ ಕೇಳಲಿ.